ತೆಂಗಿನಕಾಯಿಗೆ ಮೊದಲ ಈಡು

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದು, ಮಳೆ ತುಸು ಹಿಂಜರಿಯುವ ಹೊತ್ತಿಗೆ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಕನ್ನಡದಲ್ಲಿ ಇದನ್ನು ಕೈಲು ಮುಹೂರ್ತ ಎನ್ನುತ್ತಾರೆ. ಈಗ ಬಹುಮಟ್ಟಿಗೆ ಸೆಪ್ಟೆಂಬರ್ 3ರಂದು ಇದರ ಆಚರಣೆ. ಆ ದಿನ ನೀವು ಕೊಡವರ ಮನೆಯೊಂದಕ್ಕೆ ಹೋದರೆ, ದೇವರ ಮೂಲೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಸಾಲಾಗಿ ಇಟ್ಟು, ಗಂಧ ಹಚ್ಚಿ, ತೋಕ್ ಪೂವಿನಿಂದ ಸಿಂಗರಿಸಿರುವುದನ್ನು ಕಾಣುವಿರಿ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಉಳಿದ ಕಡೆಯವರು ಗೌರಿಹೂವೆಂದೋ ಅಗ್ನಿಶಿಖೆಯೆಂದೋ ಕರೆಯುವ, ಬೆಂಕಿಯ ನಾಲಗೆಯಂಥ ಎಸಳುಗಳ ಹೂವೇ ಅದು. ಪೂಜೆಯಾಗಿ, ಕಡಂಬುಟ್ಟು ಮತ್ತು ಹಂದಿ ಮಾಂಸದ ಊಟವಾದ ಮೇಲೆ ಗಂಡಸರು ಕೋವಿ ಹಿಡಿದು ಊರ ಮಂದಿಗೆ, ಎಂದರೆ ಊರೊಟ್ಟಿನ ಹಸುರು ಬಯಲಿಗೆ, ನಡೆಯುತ್ತಾರೆ. ಅಲ್ಲಿ ಎತ್ತರವಾದ ಮರದ ತುದಿಗೆ ಒಂದು ತೆಂಗಿನಕಾಯಿಯನ್ನು ಕಟ್ಟಿರುತ್ತಾರೆ. ಅದನ್ನು ಹೊಡೆದು ಒಡೆದವನೇ ಆ ದಿನದ ಗಂಡು.

ನೋಡುವವರಿಗೆ ಇದೊಂದು ಹಬ್ಬದ ಆಟ. ಆದರೆ ಇದರೊಳಗೆ ಆಟಕ್ಕಿಂತ ಹಳೆಯದಾದ ಒಂದು ವಿವೇಕ ಅಡಗಿದೆಯೆಂದು ನನಗೆ ತೋರುತ್ತದೆ. ಹಿಂದೆ ಗದ್ದೆಯ ಕೆಲಸದ ತಿಂಗಳುಗಳಲ್ಲಿ ಕೋವಿಗೆ ಬಿಡುವು. ಕೈಲ್ ಪೊಳ್ದ್ ಆದ ಮೇಲೆ ಬೇಟೆಯ ಕಾಲ. ಕೊಡಗಿನ ಮಳೆಗಾಲದ ತೇವ ಎಂಥದೆಂಬುದನ್ನು ಅಲ್ಲಿ ಒಂದು ವಾರ ಉಳಿದವರೂ ಬಲ್ಲರು. ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುವ ನಾಡಿನಲ್ಲಿ ಮದ್ದಿಗೂ ನಳಿಗೆಗೂ ಏನಾಗಿರಬೇಡ? ಕಾಡಿನಲ್ಲಿ ಹಂದಿ ಎದುರು ನಿಂತಾಗ ಅದನ್ನು ಕಂಡುಕೊಳ್ಳುವುದಕ್ಕಿಂತ ತೆಂಗಿನಕಾಯಿಯ ಮುಂದೆ ಕಂಡುಕೊಳ್ಳುವುದು ಮೇಲಲ್ಲವೆ?

ಇಂದು ತೋಟಾ ಎಂದರೆ ಅಂಗಡಿಯಿಂದ ಬರುವ ಪೆಟ್ಟಿಗೆ. ಅದರ ಒಳಗೇನಿದೆ ಎಂದು ಕೊಂಡವನು ಕೇಳುವುದಿಲ್ಲ. ಆದರೆ ಮನುಷ್ಯ ಕೋವಿಯನ್ನು ಹಿಡಿದ ಐದಾರು ಶತಮಾನಗಳಲ್ಲಿ ಬಹುಪಾಲು ಕಾಲ ಪ್ರತಿಯೊಂದು ಈಡನ್ನೂ ಹೊಡೆಯುವವನೇ ತನ್ನ ಕೈಯಾರೆ ಕಟ್ಟಬೇಕಾಗಿತ್ತು. ನಮ್ಮ ಭಾಷೆಯೂ ಇದನ್ನು ಮರೆತಿಲ್ಲ. ಈಡು ತುಂಬುವುದು, ಈಡು ಹೊಡೆಯುವುದು: ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ನಮಗೆ ಒಂದೇ ಮಾತು.

ಕೇಪಿನ ಕೋವಿಯನ್ನು ತುಂಬುವುದನ್ನು ಮಲೆನಾಡಿನ ಹಿರಿಯರು ಕಂಡಿರುತ್ತಾರೆ. ನಳಿಗೆಯ ಬಾಯಿಂದ ಅಳತೆಯ ಮದ್ದನ್ನು ಸುರಿದು, ಮೇಲೆ ತೆಂಗಿನ ನಾರನ್ನೋ ಚಿಂದಿಯನ್ನೋ ತುರುಕಿ ಗಜದಿಂದ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ. ಅದರ ಮೇಲೆ ಮತ್ತೊಂದು ಮುಚ್ಚಳ. ಜಡಿತ ಸಡಿಲವಾದರೆ ಗುಂಡು ಮುಂದಕ್ಕೆ ಜಾರುತ್ತದೆ. ಹಾಗೆ ಜಾರಿ ನಡುವೆ ಟೊಳ್ಳು ಉಳಿದರೆ ನಳಿಗೆಯೇ ಸೀಳುವುದುಂಟು. ಗುಂಡನ್ನು ಎರಕ ಹೊಯ್ಯುವುದೂ ಮನೆಯ ಒಲೆಯ ಮೇಲೆಯೇ. ಕೋವಿಯ ಬಾಯಿಯ ಅಳತೆಯನ್ನೂ ಸೀಸದ ತೂಕದಿಂದಲೇ ಹೇಳುತ್ತಿದ್ದರು. ಹನ್ನೆರಡನೆಯ ಬೋರು ಎಂದರೆ ಬೇರೇನೂ ಅಲ್ಲ: ಒಂದು ಪೌಂಡು ಸೀಸದಿಂದ ಹನ್ನೆರಡು ಸಮಗುಂಡುಗಳನ್ನು ಮಾಡಿದರೆ ಅಂಥದೊಂದು ಸರಿಯಾಗಿ ಹಿಡಿಸುವ ನಳಿಗೆ. ಅದಕ್ಕಾಗಿಯೇ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು.

ಕೇಪು ಬರುವುದಕ್ಕೆ ಮುಂಚಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಹೊರಗಿನ ಬಟ್ಟಲಲ್ಲಿದ್ದ ಚಿಟಿಕೆ ಮದ್ದಿಗೆ ತಾಗಿ, ಅದು ಉರಿದು, ಆ ಉರಿ ಕಿಂಡಿಯ ಮೂಲಕ ಒಳಗೆ ಹೋಗಬೇಕಿತ್ತು. ಬಿಲ್ಲು ಎಳೆದ ಕ್ಷಣಕ್ಕೂ ಗುಂಡು ಹೊರಡುವ ಕ್ಷಣಕ್ಕೂ ನಡುವೆ ಒಂದು ಸಣ್ಣ ತಡ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್‌ಗೆ ನೀರುಹಕ್ಕಿಯ ಬೇಟೆಯ ಹುಚ್ಚು. ಬಟ್ಟಲಿನ ಬೆಳಕು ಕಂಡೊಡನೆ ಹಕ್ಕಿಗಳು ಎಚ್ಚೆತ್ತು, ಗುಂಡು ತಲುಪುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿದ್ದುವು. ಹಕ್ಕಿಗಳ ಮೇಲಿನ ಆ ಸಿಟ್ಟಿನಿಂದ ಆತ ರಸಾಯನ ವಿದ್ಯೆಗೆ ಕೈಹಾಕಿ, ಪೆಟ್ಟು ಬಿದ್ದರೆ ತಾನೇ ಸಿಡಿಯುವ ಪುಡಿಯಿಂದ ಕೋವಿಗೆ ಬೆಂಕಿ ಕೊಡುವ ಉಪಾಯ ಮಾಡಿ, 1807ರಲ್ಲಿ ಅದರ ಹಕ್ಕು ಪಡೆದ. ಅದೇ ಪುಡಿಯನ್ನು ಪುಟ್ಟ ತಾಮ್ರದ ಟೋಪಿಯೊಳಗೆ ಇಟ್ಟಾಗ ಕೇಪು ಹುಟ್ಟಿತು. ಮಳೆಯ ನಾಡುಗಳಿಗೆ ಇದೊಂದು ವರವೇ ಆಯಿತೆನ್ನಬೇಕು.

ಮುಂದಿನ ಹೆಜ್ಜೆ, ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿ ಕೂಡಿಸಿದ್ದು. 1860ರ ದಶಕದಲ್ಲಿ ಇಂಗ್ಲಿಷ್ ಸೈನ್ಯದ ಕರ್ನಲ್ ಬಾಕ್ಸರ್, ಅಮೆರಿಕದ ಕರ್ನಲ್ ಬರ್ಡನ್, ಇಬ್ಬರೂ ಹೆಚ್ಚುಕಡಮೆ ಒಂದೇ ಸಮಯಕ್ಕೆ ತೋಟೆಯ ಬುಡದ ಕೇಪಿಗೆ ಬೇರೆ ಬೇರೆ ರೂಪ ಕೊಟ್ಟರು. ಬಾಕ್ಸರನದರಲ್ಲಿ ಬೆಂಕಿ ಹೋಗಲು ನಡುವೆ ಒಂದೇ ರಂಧ್ರ; ಬರ್ಡನನದರಲ್ಲಿ ಬದಿಗೆ ಎರಡು ಪುಟ್ಟ ರಂಧ್ರಗಳು. ಇತಿಹಾಸದ ತಮಾಷೆ ನೋಡಿ, ಇಂಗ್ಲಿಷನ ಮಾದರಿ ಅಮೆರಿಕದಲ್ಲಿ ನೆಲೆನಿಂತಿತು, ಅಮೆರಿಕದವನ ಮಾದರಿ ಯೂರೋಪಿಗೆ ಹೋಯಿತು! ನಡುವೆ ಒಂದೇ ರಂಧ್ರವಿದ್ದರೆ ಹೊಡೆದ ತೋಟೆಯೊಳಕ್ಕೆ ಒಂದು ಕಡ್ಡಿ ತೂರಿಸಿ ಸತ್ತ ಕೇಪನ್ನು ತಳ್ಳಿಬಿಡಬಹುದು, ಹೊಸದನ್ನು ಕೂರಿಸಬಹುದು. ಇಷ್ಟು ಸಣ್ಣ ಕಾರಣದ ಬೆಂಬಲದಿಂದ ಅಮೆರಿಕದಲ್ಲಿ ಮನೆಯಲ್ಲೇ ತೋಟಾ ಕಟ್ಟುವ ಹವ್ಯಾಸ ಬೇರೂರಿತು. 1870ರ ದಶಕದಲ್ಲಿ ಅಲ್ಲಿನ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಹೊಡೆಯುತ್ತಿದ್ದ ವೃತ್ತಿಯ ಬೇಟೆಗಾರರು, ರಾತ್ರಿ ಬಿಡಾರದ ಬೆಂಕಿಯ ಬಳಿ ಸೀಸ ಕರಗಿಸಿ ಮಾರನೆಯ ದಿನದ ತೋಟೆಗಳನ್ನು ತುಂಬಿಕೊಳ್ಳುತ್ತಿದ್ದರು. ಆ ಪ್ರಾಣಿಸಂಕುಲ ಬಹುತೇಕ ಅಳಿದೇ ಹೋದುದು ಇದೇ ಕೈಕೆಲಸದ ಇನ್ನೊಂದು ಮುಖ, ಅದನ್ನು ಮುಚ್ಚಿಡಲಾಗದು. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್ಟಿನಲ್ಲಿ ಈ ಕೆಲಸಕ್ಕೆಂದೇ ಇಕ್ಕಳದಂಥ ಸಲಕರಣೆಯನ್ನು ಮಾಡಿ ಮಾರತೊಡಗಿದ. ನೋಡಲು ನಮ್ಮ ಅಡಕತ್ತರಿಯ ಅಣ್ಣನಂತಿದೆ.

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಇಲ್ಲಿಂದ ಕೈಕೆಲಸದ ಸ್ವಭಾವವೇ ಬದಲಾಯಿತು. ಹಳೆಯ ಕರಿಮದ್ದು ಒರಟು ಸ್ವಭಾವದ್ದು; ಕೊಂಬಿನ ಅಳತೆಯಲ್ಲೋ ತಗಡಿನ ಕುಡಿಕೆಯಲ್ಲೋ ಅಳೆದರೆ ಸಾಕು, ಚೂರು ಹೆಚ್ಚುಕಡಮೆಯನ್ನು ಸಹಿಸುತ್ತಿತ್ತು. ಹೊಸತು ಅದಕ್ಕಿಂತ ಎಷ್ಟೋ ಪಾಲು ಬಲವುಳ್ಳದ್ದು. ಹಳೆಯ ಅಭ್ಯಾಸದಿಂದ ಕೊಳವೆ ತುಂಬ ಸುರಿದವರ ಬಂದೂಕುಗಳು ಅವರ ಮುಖದ ಬಳಿಯೇ ಸಿಡಿದುವು. ಆಮೇಲೆ ಕುಡಿಕೆಯ ಜಾಗಕ್ಕೆ ತಕ್ಕಡಿ ಬಂತು. ತೂಕದ ಮಾನ ಗ್ರೇನ್, ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಮೆ ಅರ್ಧ. ಬೇಟೆಗಾರ ಚಿನಿವಾರನಂತೆ ಉಸಿರು ಬಿಗಿಹಿಡಿದು ತೂಗಬೇಕಾಯಿತು.

ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ಮೊದಲು ಉಳಿತಾಯ, ಹಿತ್ತಾಳೆಯ ಕೊಳವೆ ತೋಟೆಯ ಬೆಲೆಯಲ್ಲಿ ದೊಡ್ಡ ಪಾಲು. ಆದರೆ ನಿಜವಾದ ಕಾರಣ, ಒಂದು ಈಡು ಇನ್ನೊಂದರಂತೆಯೇ ಇರಬೇಕೆಂಬ ಆಸೆ. ಮ್ಯಾಸಚೂಸೆಟ್ಸಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಎಂಬಾತನಿಗೆ ಒಂದೇ ಪ್ರಶ್ನೆ ಜೀವನವಿಡೀ ಕಾಡಿತು: ಒಂದೇ ನಳಿಗೆ, ಒಂದೇ ಮದ್ದು, ಒಂದೇ ಗುರಿ, ಆದರೂ ಗುಂಡುಗಳೇಕೆ ಒಂದೇ ತೂತಿನಲ್ಲಿ ಹೋಗುವುದಿಲ್ಲ? ಮನುಷ್ಯನ ಕೈನಡುಕದ ಮೇಲೆ ತಪ್ಪು ಹೊರಿಸದಂತೆ ನಳಿಗೆಯನ್ನು ಕಾಂಕ್ರೀಟಿನ ಕಂಬಕ್ಕೆ ಬಿಗಿದು, ಗುಂಡಿನ ಹಾದಿಯುದ್ದಕ್ಕೂ ಕಾಗದದ ತೆರೆಗಳನ್ನು ಇಟ್ಟು ಪರೀಕ್ಷಿಸಿದ. ಬೇಕೆಂದೇ ಗುಂಡುಗಳ ಮೂತಿಯನ್ನೂ ಬುಡವನ್ನೂ ಕೆಡಿಸಿ ಹೊಡೆದು ನೋಡಿದ. 1909ರಲ್ಲಿ ಅಚ್ಚಾದ ಅವನ ಗ್ರಂಥದಿಂದ ತಿಳಿದುಬಂದದ್ದು ವಿಚಿತ್ರವಾಗಿದೆ. ಮೂತಿ ಜಜ್ಜಿದ ಗುಂಡು ಅಷ್ಟಾಗಿ ದಾರಿ ತಪ್ಪುವುದಿಲ್ಲ. ಬುಡ ಓರೆಯಾದ ಗುಂಡು ತಪ್ಪುತ್ತದೆ. ನಳಿಗೆಯಿಂದ ಹೊರಬೀಳುವ ಕ್ಷಣದಲ್ಲಿ ಹಿಂದಿನಿಂದ ನೂಕುವ ಅನಿಲ ಒಂದು ಬದಿಗೆ ಮೊದಲು ನುಗ್ಗಿ ಅದನ್ನು ಓರೆಮಾಡುತ್ತದೆ.

ಋತುವಿಗೆ ಮೊದಲು ಗುರಿ ನೋಡುವುದರಲ್ಲಿಯೂ ಒಂದು ಶಾಸ್ತ್ರವಿದೆ. ಒಂದೇ ಈಡಿನಿಂದ ಏನೂ ತಿಳಿಯದು. ಬೆಂಚಿನ ಮೇಲೆ ಮರಳಚೀಲವಿಟ್ಟು, ಅದರ ಮೇಲೆ ಕೋವಿಯನ್ನು ಒರಗಿಸಿ, ಅವಸರವಿಲ್ಲದೆ ಮೂರೋ ಐದೋ ಈಡು ಹೊಡೆಯಬೇಕು. ತೂತುಗಳು ಒತ್ತೊತ್ತಾಗಿ ಒಂದು ಕಡೆ ಬಿದ್ದು, ಗುರಿಯಿಂದ ಮಾತ್ರ ದೂರವಿದ್ದರೆ ದೋಷ ಕೋವಿಯ ಗುರಿಮೊಳೆಯದು. ರೇಡಿಯೋದ ಮುಳ್ಳನ್ನು ತುಸು ಸರಿಸಿ ನಿಲಯವನ್ನು ಹಿಡಿಯುವಂತೆ ಅದನ್ನು ಸರಿಸಿದರಾಯಿತು. ತೂತುಗಳು ಚದುರಿದ್ದರೆ ಗುರಿಮೊಳೆಯನ್ನು ಬಯ್ದು ಫಲವಿಲ್ಲ. ದೋಷ ಈಡಿನಲ್ಲಿದೆ, ನಳಿಗೆಯಲ್ಲಿದೆ, ಇಲ್ಲವೆ ನಮ್ಮ ಹೆಗಲಿನಲ್ಲಿದೆ. ಎಣ್ಣೆ ಹಚ್ಚಿಟ್ಟ ನಳಿಗೆಯ ಮೊದಲ ಗುಂಡು ಮಿಕ್ಕವುಗಳಿಂದ ದೂರ ಬೀಳುವುದು ಸಾಮಾನ್ಯ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದೋ, ಅಯ್ಯೋ, ಆ ಮೊದಲನೆಯದೇ!

ದೂರದ ವಿಷಯವೂ ಹೀಗೆಯೇ. ಗುಂಡು ನೆಟ್ಟಗೆ ಹೋಗುತ್ತದೆಂದು ತಿಳಿದವರು ಬಹಳ. ನಳಿಗೆ ಬಿಟ್ಟ ಕ್ಷಣದಿಂದ ಅದು, ಕೈಯಿಂದ ಜಾರಿದ ಕಲ್ಲಿನಂತೆಯೇ ಬೀಳುತ್ತಿರುತ್ತದೆ. ನೂರು ಗಜವನ್ನು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ದಾಟುವ ಗುಂಡು ಅಷ್ಟರೊಳಗೆ ಸುಮಾರು ಎರಡು ಅಂಗುಲ ಇಳಿದಿರುತ್ತದೆ. ಹಳೆಯ ಮದ್ದಿನ ನಿಧಾನದ ಗುಂಡು ಎರಡು ಪಾಲು ಹೊತ್ತು ತೆಗೆದುಕೊಂಡರೆ ಇಳಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಎರಡು ಅಂಗುಲ, ಎಂಟು ಅಂಗುಲ ಎಂದರೆ ಕಾಗದದ ಗುರಿಯ ಮೇಲೆ ಅಂಕೆಯ ಮಾತು. ಜೀವದ ಮೇಲೆ ಅದರ ಅರ್ಥವೇನೆಂಬುದಕ್ಕೆ ಕುಮಾವೂನಿನ ಚಂಪಾವತದ ಹೆಣ್ಣುಹುಲಿಯ ಕಥೆ ಸಾಕ್ಷಿ. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ 436 ಮಂದಿಯನ್ನು ಅದು ಕೊಂದಿತೆಂದು ಲೆಕ್ಕ. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಬೆನ್ನಟ್ಟಿ ಹೋದಾಗ ಆತನ ಬಳಿ ಇದ್ದುದು ಮೂರೇ ತೋಟೆ. ಮೂರೂ ಮುಗಿದುವು. ಗಾಯಗೊಂಡ ಹುಲಿ ಇನ್ನೂ ನಿಂತೇ ಇತ್ತು. ಜೊತೆಗಿದ್ದ ತಹಸೀಲ್ದಾರರ ಕೋವಿಯನ್ನು ಇಸಿದುಕೊಂಡು ಹತ್ತಿರ ಹೋಗಿ ಎತ್ತಿಹಿಡಿದಾಗಲೇ, ಅದರ ನಳಿಗೆಗೂ ಹಿಂಬದಿಯ ಕಟ್ಟಿಗೂ ನಡುವೆ ಅರ್ಧ ಅಂಗುಲಕ್ಕೆ ತುಸು ಕಡಮೆಯ ಸಂದು ಬಿಟ್ಟಿರುವುದು ಆತನಿಗೆ ಕಂಡದ್ದು. ಇಪ್ಪತ್ತು ಅಡಿಯೊಳಗಿನಿಂದ, ತೆರೆದ ಬಾಯಿಗೆ ಗುರಿಯಿಟ್ಟು ಹೊಡೆದ. ಗುಂಡು ಹೋಗಿ ತಾಗಿದ್ದು ಬಲಗಾಲ ಪಂಜಕ್ಕೆ! ಹುಲಿ ಮೊದಲ ಗಾಯಗಳಿಂದಲೇ ಕೊನೆಯ ಗಳಿಗೆಯಲ್ಲಿದ್ದುದರಿಂದ ಆತ ಬದುಕಿದ.

ಆಮೇಲೆ ಕಂಡದ್ದು ಇನ್ನೂ ದಾರುಣ. ಹುಲಿಯ ಬಾಯ ಬಲಗಡೆಯ ಕೋರೆಹಲ್ಲುಗಳು ಮೇಲಿನದೂ ಕೆಳಗಿನದೂ ಮುರಿದಿದ್ದುವು; ಒಂದು ಅರ್ಧಕ್ಕೆ, ಇನ್ನೊಂದು ಎಲುಬಿನವರೆಗೆ. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗುರುತು. ಹಲ್ಲಿಲ್ಲದೆ ತನ್ನ ಸಹಜವಾದ ಆಹಾರವನ್ನು ಹಿಡಿಯಲಾರದೆ ಅದು ಮನುಷ್ಯರ ಕಡೆ ತಿರುಗಿತೆಂದು ಕಾರ್ಬೆಟ್ ತೀರ್ಮಾನಿಸಿದ. ಆ ಈಡನ್ನು ಹೊಡೆದವನು ಯಾರು, ಅವನ ಮದ್ದು ತೇವವಾಗಿತ್ತೇ, ಗುರಿಮೊಳೆ ಓರೆಯಾಗಿತ್ತೇ, ಯಾರಿಗೂ ಗೊತ್ತಿಲ್ಲ. ಕೆಲವು ಅಂಗುಲ ತಪ್ಪಿದ ಒಂದು ಈಡು, ಅಷ್ಟೆ. ಹೊಡೆದವನು ಮನೆಗೆ ಹೋಗಿ ಹುಲಿ ತಪ್ಪಿಸಿಕೊಂಡಿತು ಎಂದಿದ್ದಾನು.

ಕೊಡಗಿಗೆ ಮರಳೋಣ. 1834ರಲ್ಲಿ ಇಂಗ್ಲಿಷರು ಆ ರಾಜ್ಯವನ್ನು ತೆಗೆದುಕೊಂಡರು. 1857ರ ದಂಗೆಯ ನಂತರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಬಿಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನವನೇ ಆತ. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ ಉಳಿದುಕೊಂಡು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಬೇಟೆಯ ಕಾಲ ಮಾತ್ರ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದಕ್ಕೆ ತೆರೆ ಎಳೆಯಿತು. ಎಳೆದದ್ದು ಸರಿಯೆಂದೇ ನನ್ನ ಮತ.

ಹಾಗಾಗಿ ಈಗ ಕೈಲ್ ಪೊಳ್ದಿನ ಮರುದಿನ ಕಾಡಿಗೆ ಹೋಗುವವರಿಲ್ಲ. ಆದರೆ ಕೋವಿಯ ಕೆಲಸ ನಿಂತಿಲ್ಲ. ಪುತ್ತರಿಯ ರಾತ್ರಿ ಹೊಸ ಪೈರಿನ ತೆನೆ ಕೊಯ್ಯುವಾಗ ಇಂದಿಗೂ ಈಡು ಹಾರುತ್ತದೆ. ತೆಂಗಿನಕಾಯಿಯೂ ಮರದ ಮೇಲೆ ಇದ್ದೇ ಇದೆ. ಕೇಪಿನ ಕೋವಿಯ ಜಾಗದಲ್ಲಿ ಹನ್ನೆರಡನೆಯ ಬೋರಿನದೂ ಪಾಯಿಂಟ್ ಇಪ್ಪತ್ತೆರಡು ರೈಫಲ್ಲೂ ಬಂದಿವೆ. ಹೆಂಗಸರೂ ಸಾಲಿನಲ್ಲಿ ನಿಂತು ಹೊಡೆಯುತ್ತಾರೆ. ಈ ಸೆಪ್ಟೆಂಬರಿನಲ್ಲಿ ನೀವು ಆ ಕಡೆ ಹೋದರೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾಯಿ ಒಡೆದಾಗ ಮೊದಲು ಸದ್ದು ಕೇಳುತ್ತದೆ. ಎಳನೀರಿನ ಹನಿಗಳು ಗಾಳಿಯಲ್ಲಿ ಚದುರಿ ಕೆಳಗೆ ಬೀಳುವುದು ಆಮೇಲೆ.