ಹಸಿರು ಲೈಟ್ ಉರಿಯುತ್ತಿದ್ದರೆ ಫೈಬರ್ ಲೈನ್ ಸರಿ ಇದೆ ಎಂದರ್ಥವೇ?

ಹೇಳಿಕೆ: ಸ್ವಿಚ್‌ನಲ್ಲಿ ಹಸಿರು ಲೈಟ್ ಉರಿಯುತ್ತಿದ್ದರೆ ಲೈನ್‌ನಲ್ಲಿ ತೊಂದರೆ ಇಲ್ಲ, ತೊಂದರೆ ಸರ್ವರ್‌ನಲ್ಲೇ ಇದೆ.

ವಾಸ್ತವ: ಅರ್ಧ ಮಾತ್ರ ನಿಜ. ಹಸಿರು ಲೈಟ್ ಇದ್ದೂ ಲೈನ್ ಒಂದು ದಿಕ್ಕಿನಲ್ಲಿ ಸತ್ತಿರಬಹುದು.

ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂಬ ಉತ್ತರ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಗುರುಗುಂಟಾದಂಥ ಊರಿನಲ್ಲಿ ಕಚೇರಿ, ಬ್ಯಾಂಕು, ಶಾಲೆ ಎಲ್ಲವೂ ಈಗ ನೆಟ್ ಮೇಲೆಯೇ ನಡೆಯುತ್ತವೆ. ಆದರೆ ಪ್ರತಿ ಸಲವೂ ತಪ್ಪು ಸರ್ವರ್‌ನದ್ದಲ್ಲ. ಕೆಲವೊಮ್ಮೆ ಪಕ್ಕದ ಕಟ್ಟಡಕ್ಕೆ ಹೋಗುವ ಫೈಬರ್‌ನಲ್ಲೇ ದೋಷ ಇರುತ್ತದೆ, ಲೈಟ್ ನೋಡಿದವರು ಮೋಸ ಹೋಗಿರುತ್ತಾರೆ.

ಲೈಟ್ ಯಾಕೆ ಸುಳ್ಳು ಹೇಳುತ್ತದೆ?

ಎರಡು ಕಟ್ಟಡಗಳ ಸ್ವಿಚ್‌ಗಳ ನಡುವೆ ಸಾಮಾನ್ಯವಾಗಿ ಎರಡು ಎಳೆ ಫೈಬರ್ ಇರುತ್ತದೆ. ಒಂದು ಕಳಿಸಲು, ಇನ್ನೊಂದು ಪಡೆಯಲು. ಫೋನಿನಲ್ಲಿ ಅವರ ಮಾತು ನಮಗೆ ಕೇಳುತ್ತಿದ್ದು, ನಮ್ಮ ಮಾತು ಅವರಿಗೆ ಕೇಳದೆ ‘ಹಲೋ, ಹಲೋ’ ಎನ್ನುತ್ತಾರಲ್ಲ, ಹಾಗೆಯೇ ಒಂದು ಎಳೆ ತುಂಡಾದರೆ ಲೈನ್ ಏಕಮುಖವಾಗುತ್ತದೆ. ಪೋರ್ಟಿನ ಲೈಟ್ ಹೇಳುವುದು ‘ನನಗೆ ಬೆಳಕು ಬರುತ್ತಿದೆ’ ಎಂದಷ್ಟೇ. ‘ನಾನು ಕಳಿಸಿದ್ದು ಅಲ್ಲಿಗೆ ಮುಟ್ಟಿದೆ’ ಎಂದು ಅದು ಹೇಳುವುದಿಲ್ಲ.

ಗಿಗಾಬಿಟ್ ಪೋರ್ಟುಗಳಲ್ಲಿ ಆಟೋ ನೆಗೋಶಿಯೇಶನ್ ಆನ್ ಇದ್ದರೆ, ಎಳೆ ತುಂಡಾದದ್ದು ಸಾಮಾನ್ಯವಾಗಿ ಎರಡೂ ಕಡೆ ತಿಳಿದು ಲೈಟ್ ಆರುತ್ತದೆ. ಅದನ್ನು ಆಫ್ ಮಾಡಿದ್ದರೆ, ನಡುವೆ ಮೀಡಿಯಾ ಕನ್ವರ್ಟರ್ ಕೂರಿಸಿದ್ದರೆ, ಅಥವಾ ಪ್ಯಾಚ್ ಕಾರ್ಡ್‌ಗಳು ಅದಲುಬದಲಾಗಿದ್ದರೆ ಮೋಸ ಆಗುತ್ತದೆ.

ನಿಜವಾದ ಅಪಾಯ ಏನು?

ಒಂದು ಲೈನ್ ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡು ದಾರಿ ಎಳೆದಿರುತ್ತಾರೆ. ಎರಡೂ ಒಟ್ಟಿಗೆ ತೆರೆದರೆ ಡೇಟಾ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಒಂದು ದಾರಿಯನ್ನು ಮುಚ್ಚಿಡುತ್ತದೆ. ಮುಚ್ಚಿದ ಪೋರ್ಟಿಗೆ ಆ ಕಡೆಯಿಂದ ಸಂದೇಶ ಬರುತ್ತಿರುವವರೆಗೆ ಅದು ಮುಚ್ಚಿಯೇ ಇರುತ್ತದೆ. ಸಂದೇಶ ತರುವ ಎಳೆ ಮಾತ್ರ ಸತ್ತರೆ, ಪೋರ್ಟು ‘ಆ ಕಡೆ ಯಾರೂ ಇಲ್ಲ’ ಎಂದುಕೊಂಡು, ಹಳೆಯ ಸ್ಪ್ಯಾನಿಂಗ್ ಟ್ರೀಯ ಮೂಲ ಲೆಕ್ಕದಲ್ಲಿ ಸುಮಾರು 50 ಸೆಕೆಂಡಿನಲ್ಲಿ (20+15+15) ತೆರೆದುಕೊಳ್ಳುತ್ತದೆ. ಆಮೇಲೆ ಸುತ್ತು ಶುರು. ಕೆಟ್ಟಿದ್ದು ಒಂದು ಎಳೆ, ಮಲಗುವುದು ಇಡೀ ಕಚೇರಿಯ ನೆಟ್.

ಯುಡಿಎಲ್‌ಡಿ ಏನು ಮಾಡುತ್ತದೆ?

ಯೂನಿಡೈರೆಕ್ಷನಲ್ ಲಿಂಕ್ ಡಿಟೆಕ್ಷನ್, ಅಂದರೆ ಏಕಮುಖ ಲೈನ್ ಪತ್ತೆ. ಸಿಸ್ಕೋ ಕಂಪನಿ ರೂಪಿಸಿದ ಇದರ ವಿವರ 2008ರಲ್ಲಿ ಆರ್‌ಎಫ್‌ಸಿ 5171 ಆಗಿ ಪ್ರಕಟವಾಯಿತು. ಪ್ರತಿ ಸ್ವಿಚ್ಚೂ ‘ನಾನು ಇಂಥವನು, ನನ್ನ ಪೋರ್ಟು ಇಂಥದ್ದು, ನನಗೆ ಇಂಥವರ ಮಾತು ಕೇಳಿಸಿತು’ ಎಂದು ಆಗಾಗ ಹೇಳುತ್ತಿರುತ್ತದೆ. ಎದುರಿನವರ ಪಟ್ಟಿಯಲ್ಲಿ ತನ್ನ ಹೆಸರು ಇಲ್ಲದಿದ್ದರೆ ‘ನನ್ನ ಮಾತು ಅಲ್ಲಿಗೆ ಮುಟ್ಟುತ್ತಿಲ್ಲ’ ಎಂದು ತಿಳಿದು ಪೋರ್ಟು ಮುಚ್ಚುತ್ತದೆ. ಸಾಮಾನ್ಯ ಅವಧಿ 15 ಸೆಕೆಂಡಿಗೊಮ್ಮೆ. ಮೂರು ಸಲ ತಪ್ಪಿದರೆ 45 ಸೆಕೆಂಡು, ಅಂದರೆ ಆ 50 ಸೆಕೆಂಡಿಗಿಂತ ಮೊದಲೇ ಸುಳಿವು ಸಿಗುತ್ತದೆ. ಸ್ಪ್ಯಾನಿಂಗ್ ಟ್ರೀಯ ಹೊಸ, ವೇಗದ ರೂಪ ಇರುವಲ್ಲಿ ಈ ಅವಧಿ ಇನ್ನೂ ಕಡಿಮೆ ಇಡಬೇಕಾಗುತ್ತದೆ.

ಹೊಂದಿಸುವುದು ಹೇಗೆ? (ಸಿಸ್ಕೋ ಸ್ವಿಚ್‌ಗಳಲ್ಲಿ)

1. ಎರಡೂ ತುದಿಯ ಸ್ವಿಚ್‌ಗಳಲ್ಲಿ ಈ ಸೌಲಭ್ಯ ಇದೆಯೇ ನೋಡಿ. ಒಂದೇ ಕಡೆ ಹಾಕಿದರೆ ಪ್ರಯೋಜನವಿಲ್ಲ. ಬೇರೆ ಕಂಪನಿಗಳ ಇಂಥದೇ ಸೌಲಭ್ಯ (ಹುವಾವೇಯಲ್ಲಿ ಡಿಎಲ್‌ಡಿಪಿ) ಇದರೊಂದಿಗೆ ಮಾತಾಡದೇ ಇರಬಹುದು.

2. ಕಾನ್ಫಿಗರೇಶನ್ ಮೋಡ್‌ನಲ್ಲಿ ‘ಯುಡಿಎಲ್‌ಡಿ ಎನೇಬಲ್’ ಕೊಟ್ಟರೆ ಎಲ್ಲ ಫೈಬರ್ ಪೋರ್ಟುಗಳಿಗೂ ಅನ್ವಯವಾಗುತ್ತದೆ. ಒಂದೇ ಪೋರ್ಟಿಗೆ ಬೇಕಾದರೆ ಆ ಇಂಟರ್‌ಫೇಸ್‌ಗೆ ಹೋಗಿ ‘ಯುಡಿಎಲ್‌ಡಿ ಪೋರ್ಟ್’ ಕೊಡಿ.

3. ವಿಧ ಆರಿಸಿ. ನಾರ್ಮಲ್ ವಿಧದಲ್ಲಿ ಸ್ಪಷ್ಟ ಸಾಕ್ಷಿ ಸಿಕ್ಕರೆ ಮಾತ್ರ ಪೋರ್ಟು ಮುಚ್ಚುತ್ತದೆ. ಎದುರಿನ ಸದ್ದು ನಿಂತರೆ ‘ಗೊತ್ತಿಲ್ಲ’ ಎಂದು ಗುರುತು ಹಾಕಿ ಬಿಡುತ್ತದೆ. ಅಗ್ರೆಸಿವ್ ವಿಧದಲ್ಲಿ ಸದ್ದು ನಿಂತರೆ ಸೆಕೆಂಡಿಗೊಂದರಂತೆ 8 ಸಲ ಕರೆದು ನೋಡಿ, ಉತ್ತರ ಬಾರದಿದ್ದರೆ ಮುಚ್ಚುತ್ತದೆ. ಎರಡೂ ತುದಿಯಲ್ಲಿ ಒಂದೇ ವಿಧ ಇಡಿ.

4. ‘ಶೋ ಯುಡಿಎಲ್‌ಡಿ’ ಕೊಟ್ಟು ನೋಡಿ. ಲೈನ್ ‘ಬೈಡೈರೆಕ್ಷನಲ್’ ಎಂದು ತೋರಿಸಿದರೆ ಸರಿ ಇದೆ.

5. ಪೋರ್ಟು ಮುಚ್ಚಿಕೊಂಡರೆ ಮೊದಲು ಎಳೆ, ಕನೆಕ್ಟರ್, ಮಾಡ್ಯೂಲ್ ಪರೀಕ್ಷಿಸಿ. ದುರಸ್ತಿಯಾದ ಮೇಲೆಯೇ ‘ಯುಡಿಎಲ್‌ಡಿ ರೀಸೆಟ್’ ಕೊಡಿ. ಪೋರ್ಟು ತಾನಾಗಿ ತೆರೆಯುವ ಸೌಲಭ್ಯವನ್ನೂ ಹಾಕಬಹುದು, ಅದರ ಸಾಮಾನ್ಯ ಅವಧಿ 300 ಸೆಕೆಂಡು. ಆದರೆ ದೋಷ ಹಾಗೇ ಇದ್ದರೆ ಪೋರ್ಟು ತೆರೆಯುತ್ತಾ ಮುಚ್ಚುತ್ತಾ ಇರುತ್ತದೆ.

ದೂರದಿಂದ ಈ ಕೆಲಸ ಮಾಡುವವರು ಆ ತುದಿಯಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಪೋರ್ಟು ಮುಚ್ಚಿದರೆ ನಿಮ್ಮದೇ ದಾರಿ ಕಡಿದುಹೋಗಬಹುದು.

ಮನೆಯ ಫೈಬರ್‌ಗೂ ಇದು ಬೇಕೇ?

ಬೇಡ. ಮನೆಯ ಫೈಬರ್ ಇಂಟರ್ನೆಟ್ ಸಾಮಾನ್ಯವಾಗಿ ಜಿಪಾನ್ ತಂತ್ರಜ್ಞಾನದ್ದು. ಒಂದೇ ಎಳೆಯಲ್ಲಿ 1490 ನ್ಯಾನೋಮೀಟರ್ ಬೆಳಕು ಬರುತ್ತದೆ, 1310ರದ್ದು ಹೋಗುತ್ತದೆ. 2011ರಲ್ಲಿ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂಬ ಹೆಸರಾದ ಯೋಜನೆಯ ಮೊದಲ ಹಂತದಲ್ಲಿ ಗ್ರಾಮ ಪಂಚಾಯಿತಿಗಳಿಗೂ ಇದೇ ಬಗೆ ಬಳಸಿದರು. ಅಲ್ಲಿ ಯುಡಿಎಲ್‌ಡಿಯ ಪ್ರಶ್ನೆ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ‘ಲಾಸ್’ ಲೈಟ್ ಕೆಂಪಾದರೆ ಬೆಳಕು ಬರುತ್ತಿಲ್ಲ ಎಂದು ತಿಳಿದು ದೂರು ಕೊಡಿ.

ಇನ್ನೊಂದು ತಪ್ಪು ನಂಬಿಕೆ

‘ಫೈಬರ್ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಬೆಳಕು ಕಾಣದಿದ್ದರೆ ಲೈನ್ ಸತ್ತಿದೆ’ ಎನ್ನುವವರಿದ್ದಾರೆ. ಇದು ತಪ್ಪು. ದೂರದ ಲೈನ್‌ಗಳ 1310, 1550 ನ್ಯಾನೋಮೀಟರ್ ಬೆಳಕು ಕಣ್ಣಿಗೂ ಕಾಣದು, ಮೊಬೈಲಿನ ಸಿಲಿಕಾನ್ ಸೆನ್ಸರ್‌ಗೂ ಕಾಣದು. ಕಾಣದಿದ್ದರೂ ಬೆಳಕು ಇರಬಹುದು, ಆದ್ದರಿಂದ ತುದಿಯನ್ನು ಎಂದೂ ಕಣ್ಣಿನ ನೇರಕ್ಕೆ ಹಿಡಿಯಬೇಡಿ. ಪರೀಕ್ಷೆಗೆ ಪವರ್ ಮೀಟರ್ ಬಳಸಿ.

ನಾವೇನು ಮಾಡಬಹುದು?

ರಸ್ತೆ, ಪೈಪ್‌ಲೈನ್ ಅಗೆಯುವಾಗ ಫೈಬರ್ ತುಂಡಾಗುವುದು ಸಾಮಾನ್ಯ. ಇಂಥ ಅಗೆತದಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಹೇಳಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಜೆಸಿಬಿ ಕರೆಸುವ ಮೊದಲು ಅದನ್ನೊಮ್ಮೆ ನೋಡಿ.

ಕೊನೆಯ ಮಾತು: ಹಸಿರು ಲೈಟ್ ಕಂಡ ಕೂಡಲೇ ಸರ್ವರ್ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮೂರಿನ ಕಚೇರಿ, ಶಾಲೆಗಳಲ್ಲಿ ನೆಟ್ ನೋಡಿಕೊಳ್ಳುವವರಿಗೆ ಇದನ್ನು ಕಳಿಸಿ. ಮುಂದಿನ ಸಲ ‘ನಾಳೆ ಬರ್ರಿ’ ಎನ್ನುವ ಮೊದಲು ಅವರು ಲೈನಿನ ಎರಡೂ ದಿಕ್ಕು ನೋಡಲಿ.