ಹಡಗು ಕಾಯುವುದಿಲ್ಲ ಮಾರಾಯ್ರೆ!

ಬ್ಲಾಗಿಗೆ ಧೂಳು ಹಿಡಿದು ಮೂರು ತಿಂಗಳ ಮೇಲಾಯಿತು. ಇವತ್ತು ಕೂತು ಬರೆಯುತ್ತಿರುವುದಕ್ಕೆ ನಮ್ಮ ಭಾವನೇ ಕಾರಣ. ಭಾವ ಅಂದರೆ ಸೋದರತ್ತೆಯ ಮಗ. ಅಮೆರಿಕಾ ಸೇರಿ ನಲವತ್ತು ವರ್ಷವಾಗಿದ್ದರೂ ಫೋನೆತ್ತಿದರೆ ಬರುವುದು ಅಪ್ಪಟ ತರೀಕೆರೆ ಕನ್ನಡ.

"ಲೋ, ಡಿಸೆಂಬರಿಗೆ ಹಡಗಲ್ಲಿ ಬರ್ತಾ ಇದೀವಿ ಕಣೋ. ಮಂಗಳೂರಲ್ಲಿ ಒಂದು ದಿನ ನಿಲ್ಲುತ್ತಂತೆ. ಹಡಗಿನೋರ ಬಸ್ಸು ಬೇಡ, ನೀನೇ ಯಾರಾದ್ರೂ ಲೋಕಲ್ ಗೈಡ್ ಗೊತ್ತು ಮಾಡು. ಅಮೃತಾಪುರ ನೋಡ್ಬೇಕು."

ಇದು 2023ರ ಮಾತು. ಅಮೃತಾಪುರ ನಮ್ಮ ತರೀಕೆರೆಯಿಂದ ಹತ್ತು ಕಿಲೋಮೀಟರಿನ ಆಸುಪಾಸು. ಐದು ವರ್ಷದ ಹುಡುಗನಾಗಿದ್ದಾಗ ಅತ್ತೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಕಡೆದ ಕಂಬದಲ್ಲಿ ತನ್ನ ಮುಖ ಕಂಡಿದ್ದು, ಅಮ್ಮನ ಸೀರೆಯ ಬಣ್ಣ ಕಂಡಿದ್ದು, ಇಷ್ಟೇ ಭಾವನಿಗೆ ನೆನಪು. ಅತ್ತೆ ಈಗಿಲ್ಲ. ಹಾಗಾಗಿ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, "ನೋಡ್ತೀನಿ ಭಾವ" ಅಂದುಬಿಟ್ಟೆ.

ಆಮೇಲೆ ಲೆಕ್ಕ ಹಾಕಿದೆ. ಹಡಗು ಪಣಂಬೂರಿಗೆ ಬರುವುದು ಬೆಳಗ್ಗೆ ಎಂಟಕ್ಕೆ. ಸಂಜೆ ಐದಕ್ಕೆ ಎಲ್ಲರೂ ಹತ್ತಿರಬೇಕು. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ, ಚಿಕ್ಕಮಗಳೂರು ದಾಟಿ ಅಮೃತಾಪುರ ಮುಟ್ಟಲು ಇನ್ನೂರು ಕಿಲೋಮೀಟರಿಗೆ ಮೇಲೆ. ಬರೀ ಹೋಗುವುದಕ್ಕೇ ಐದಾರು ಗಂಟೆ. ದೇವಸ್ಥಾನದ ಬಾಗಿಲಲ್ಲಿ ಕಾರು ತಿರುಗಿಸಿಕೊಂಡು ಬಂದರೂ ಹಡಗು ಅರಬ್ಬೀ ಸಮುದ್ರದ ನಡುವೆ ಇರುತ್ತದೆ :)

ಆದರೂ ಒಂದು ಆಸೆ. ಗೆಳೆಯರೊಬ್ಬರ ಮೂಲಕ ಮಂಗಳೂರಿನ ಗೈಡ್ ಒಬ್ಬರ ನಂಬರ್ ಸಿಕ್ಕಿತು. ನಿವೃತ್ತ ಮೇಷ್ಟ್ರು. ಸರ್ಕಾರದ ಲೈಸೆನ್ಸು ಇದೆ, ಯಾವ ಕಂಪನಿಗೂ ಸೇರಿದವರಲ್ಲ. ನನ್ನ ಮಾತು ಪೂರ್ತಿ ಕೇಳಿ, ಒಂದು ಕ್ಷಣ ಸುಮ್ಮನಿದ್ದು, "ಅದು ಆಗ್ಲಿಕ್ಕಿಲ್ಲ ಮಾರಾಯ್ರೆ. ಹಡಗು ಕಾಯುವುದಿಲ್ಲ" ಅಂದರು.

ಅವರಿಂದ ಅವತ್ತು ಕಲಿತದ್ದು ಬಹಳ. ಹಡಗಿನವರೇ ಏರ್ಪಾಡು ಮಾಡಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಮುಟ್ಟಿಸುವ ಜವಾಬ್ದಾರಿ ಅವರದೇ. ಸ್ವಂತ ಗೈಡ್ ಹಿಡಿದು ಹೋದವರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಗೈಡ್ ಆದವನು ಗಡುವಿಗೆ ಕನಿಷ್ಠ ಒಂದು ಗಂಟೆ ಮೊದಲೇ ಜನರನ್ನು ಬಂದರಿಗೆ ತಂದು ಬಿಡಬೇಕು. ವಿದೇಶಿಯರಿಗೆ ವೀಸಾ ಬೇಕು, ಇಳಿಯುವಾಗ ಇಮಿಗ್ರೇಶನ್ ಸಾಲಿನಲ್ಲಿ ಒಂದು ಗಂಟೆ ಹೋಯಿತೆಂದೇ ಇಟ್ಟುಕೊಳ್ಳಬೇಕು. ಬಂದರಿನೊಳಕ್ಕೆ ಗಾಡಿ ಬರಬೇಕಾದರೆ ಪಾಸು ಬೇಕು. ಸಮುದ್ರ ಸರಿಯಿಲ್ಲದೆ ಹಡಗು ಬಂದರಿಗೆ ಬಾರದೇ ಹೋದರೆ ದುಡ್ಡು ಬೇಡ ಅಂತ ಅವರೇ ಹೇಳಿದರು. ಹಡಗು ಬಂದೂ ಜನ ಇಳಿಯದಿದ್ದರೆ ಮಾತ್ರ ಕಾರಿನ ಬಾಡಿಗೆ ಕೊಡಬೇಕು. ಕೊನೆಗೆ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಐದು ಗಂಟೆ ಅಂದ್ರಲ್ಲ, ಹಡಗಿನ ಟೈಮಾ, ನಮ್ಮ ಟೈಮಾ?" ಹಡಗಿನ ಗಡಿಯಾರ ಕೆಲವೊಮ್ಮೆ ನಮ್ಮ ಗಡಿಯಾರಕ್ಕೆ ಹೊಂದುವುದಿಲ್ಲವಂತೆ. ನಮ್ಮದೋ ಆ ಅರ್ಧ ಗಂಟೆಯ ಲೆಕ್ಕ ಬೇರೆ. ಮುಳುಗಿಸಲು ಅರ್ಧ ಗಂಟೆ ಸಾಕಲ್ಲ!

"ಮೂಡಬಿದಿರೆಗೆ ಹೋಗುವ. ಮೂವತ್ತೈದು ಕಿಲೋಮೀಟರ್. ಸಾವಿರ ಕಂಬದ ಬಸದಿ ಸರಿಯಾಗಿ ತೋರಿಸ್ತೇನೆ" ಅಂದರು. ಭಾವ ಗೊಣಗಿಕೊಂಡೇ ಒಪ್ಪಿದರು.

ಇಷ್ಟಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಹಡಗಿನಿಂದ ನಮ್ಮ ಕರಾವಳಿಗೆ ಇಳಿದವರಿಗೆ ಹಿಂದೆಲ್ಲ ದಾರಿ ತೋರಿಸಿದವರು ಯಾರು? ಪಣಂಬೂರಿನ ನವಮಂಗಳೂರು ಬಂದರನ್ನು ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಆದರೆ ಹಡಗಿನವರು ಮಂಗಳೂರಿಗೆ ಬರುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲವಲ್ಲ.

ಇಬ್ನ್ ಬತೂತ 1342ರ ಸುಮಾರಿಗೆ ಬಂದವನು. ಬಾರಕೂರಿಗೆ ಬಂದಾಗ ಅಲ್ಲಿನ ಅರಸ ತನ್ನ ಮಗನನ್ನೇ ಹಡಗಿಗೆ ಒತ್ತೆಯಾಳಾಗಿ ಕಳಿಸಿದನಂತೆ; ಆಮೇಲೆಯೇ ಇವರು ನೆಲಕ್ಕಿಳಿದದ್ದು. ಮಂಗಳೂರಿನಲ್ಲಿ ಇನ್ನೂ ತಮಾಷೆ. ಅಲ್ಲಿನ ಕಾಜಿ ಹಡಗಿಗೇ ಬಂದು ಇಳಿಯಿರಿ ಅಂತ ಕರೆದ. ಅರಸನ ಮಗ ಬಂದು ಇಲ್ಲಿ ಕೂರುವ ತನಕ ಇಳಿಯುವುದಿಲ್ಲ ಅಂತ ಇವರು. ಬಾರಕೂರಿನಲ್ಲಿ ಮುಸಲ್ಮಾನರಿಗೆ ಬಲವಿಲ್ಲ, ಅದಕ್ಕೇ ಒತ್ತೆ ಬೇಕಾಯಿತು. ಇಲ್ಲಿ ನಮ್ಮ ಅರಸನೇ ನಮಗೆ ಹೆದರುತ್ತಾನೆ ಅಂತ ಕಾಜಿ. ಇವರು ಜಗ್ಗಲಿಲ್ಲ. ಅಲ್ಲೂ ಅರಸನ ಮಗ ಬರಲೇಬೇಕಾಯಿತು. ನಮ್ಮ ಮೇಷ್ಟ್ರು ಕೇಳಿದ್ದು ಸ್ವಲ್ಪ ಮುಂಗಡ ಹಣ ಮಾತ್ರ, ಅದೂ ನಮ್ಮಿಂದ! ಏಳು ಶತಮಾನದ ಹಿಂದೆ ಅಡವು ಇಡಬೇಕಾದವರು ನೆಲದವರು.

ನನಗೆ ಹೆಚ್ಚು ಹತ್ತಿರವಾದವನು ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ. 1623ರಲ್ಲಿ ಗೋವಾದಿಂದ ಪೋರ್ಚುಗೀಸರ ರಾಯಭಾರಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ ಈ ಪುಣ್ಯಾತ್ಮ ಸುಮ್ಮನೆ ಊರು ನೋಡುವ ಆಸೆಯಿಂದ ಜೊತೆಗೆ ಹೊರಟ. ಕೆಲಸವಿಲ್ಲ, ವ್ಯಾಪಾರವಿಲ್ಲ, ಧರ್ಮಪ್ರಚಾರವಿಲ್ಲ. ಅಪ್ಪಟ ಪ್ರವಾಸಿ. ಅವನಿಗೆ ಸಿಕ್ಕ ಜೊತೆ ಎಂಥದ್ದು ನೋಡಿ: ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈ ಕೂಡ ಅದೇ ಪ್ರಯಾಣದಲ್ಲಿದ್ದ. ಹೊನ್ನಾವರಕ್ಕೆ ಸಮುದ್ರದಲ್ಲಿ, ಅಲ್ಲಿಂದ ಗೇರುಸೊಪ್ಪೆಗೆ ಹೊಳೆಯಲ್ಲಿ, ಆಮೇಲೆ ಘಾಟಿ ಹತ್ತಿ ಇಕ್ಕೇರಿಗೆ.

ಘಾಟಿಯ ಹಾದಿಯಲ್ಲಿ ಒಂದು ದೇವಸ್ಥಾನದ ಹತ್ತಿರ ಆಳುಗಳು ಹೊರೆ ಕಟ್ಟಿಕೊಳ್ಳುವ ತನಕ ಇವನಿಗೆ ಮಾಡಲು ಕೆಲಸವಿಲ್ಲ. ಜಗಲಿಯಲ್ಲಿ ನಾಲ್ಕು ಹುಡುಗರು ಮಗ್ಗಿ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬ ರಾಗವಾಗಿ ಹೇಳುತ್ತಾ ಬೆರಳಲ್ಲಿ ಬರೆಯುವುದು, ಉಳಿದವರು ಅದನ್ನೇ ಹಾಡುತ್ತಾ ಬರೆಯುವುದು. ಜಾಗ ತುಂಬಿದರೆ ಮತ್ತೆ ಮರಳು. ಮೇಷ್ಟ್ರು ಕಾಣಲಿಲ್ಲ. ತಪ್ಪಾದರೆ ತಿದ್ದುವವರಾರು ಅಂತ ಕೇಳಿದ. ನಾಲ್ಕು ಜನವೂ ಒಟ್ಟಿಗೆ ಅದನ್ನೇ ಮರೆಯುವುದು ಸಾಧ್ಯವಿಲ್ಲ ಅಂದವಂತೆ ಆ ಹುಡುಗರು! ನಾನೂರು ವರ್ಷದ ಹಿಂದಿನ ನಮ್ಮ ಮಕ್ಕಳ ಪಾಠವನ್ನು ಇಷ್ಟು ಚೆನ್ನಾಗಿ ಬರೆದಿಟ್ಟವನು ಹೊರೆ ಕಟ್ಟುವುದು ತಡವಾಯಿತೆಂದು ಕಾಯುತ್ತಾ ಕೂತವನು. ಸಂಜೆ ಐದಕ್ಕೆ ಹಡಗು ಹತ್ತಬೇಕಾಗಿದ್ದರೆ ಆ ಹುಡುಗರು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮುಂದೆ ಮಂಗಳೂರಿಗೂ ಬಂದ. ಕದ್ರಿಯ ಜೋಗಿಗಳ ಅರಸನನ್ನು ಕಂಡ. ಉಳ್ಳಾಲದ ರಾಣಿಯನ್ನು ಕಂಡದ್ದಂತೂ ದಾರಿಯಲ್ಲೇ. ಹೊಸ ಕಾಲುವೆ ತೋಡುವುದನ್ನು ನೋಡಲು ಆಕೆ ಬರಿಗಾಲಲ್ಲಿ ನಡೆದು ಹೊರಟಿದ್ದಳು, ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿದಿದ್ದರು. ನಿಂತು ಮಾತಾಡಿಸಿದಳು. ನಡುವೆ ಒಬ್ಬ ದುಭಾಷಿ. ಆ ದುಭಾಷಿ ಇಲ್ಲದೆ ಇದೊಂದೂ ಇಲ್ಲ.

ಈ ದುಭಾಷಿಗಳ ಮುಖ ನೋಡಬೇಕೆಂದರೆ ಒಂದು ಚಿತ್ರವಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯನ್ನು ಥಾಮಸ್ ಹಿಕ್ಕಿ 1816ರಲ್ಲಿ ಮದರಾಸಿನಲ್ಲಿ ಬರೆದದ್ದು. ಕೆಂಪು ಕೋಟಿನ ಮೆಕೆಂಜಿ ನಡುವೆ, ಹಿನ್ನೆಲೆಯ ಬೆಟ್ಟದ ಮೇಲೊಂದು ಗೊಮ್ಮಟ. ಆದರೆ ನನ್ನ ಕಣ್ಣು ಹೋಗುವುದು ಅವನ ಸುತ್ತ ನಿಂತವರ ಕಡೆ. ಅದರಲ್ಲೊಬ್ಬರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಅಂತ ಗುರುತಿಸುತ್ತಾರೆ. ಹಳಗನ್ನಡ ಶಾಸನ ಓದಬಲ್ಲವರು. ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ತಮ್ಮ ಲಕ್ಷ್ಮಯ್ಯ, ಈ ಧರ್ಮಯ್ಯ ಇಂಥವರು ಊರೂರು ಸುತ್ತಿ, ಕೇಳಿ, ಓದಿ ಹೇಳಿದ್ದೇ ಅವನ ಸಂಗ್ರಹ. ಹೆಸರು ಮಾತ್ರ ಮೆಕೆಂಜಿ ಸಂಗ್ರಹ ಅಂತ. ಇರಲಿ.

ಡಿಸೆಂಬರಿನ ಆ ದಿನ ನಾನೂ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೋಗಿ ಪಣಂಬೂರಿನ ಗೇಟಿನ ಹೊರಗೆ ನಿಂತಿದ್ದೆ. ಭಾವ, ಅಕ್ಕ, ಅವರ ಇಬ್ಬರು ಅಮೆರಿಕನ್ ಗೆಳೆಯರು ಹೊರಬರುವಾಗ ಒಂಬತ್ತೂವರೆ. ಮೇಷ್ಟ್ರು ಮೂಡಬಿದಿರೆಯಲ್ಲಿ ಓಡಾಡಿಸಲಿಲ್ಲ. 1430ರಲ್ಲಿ ಕಟ್ಟಿದ ಬಸದಿ, ಒಂದರಂತೆ ಇನ್ನೊಂದಿಲ್ಲದ ಕಂಬಗಳು ಅಂತ ಎರಡು ಮಾತು ಹೇಳಿ, ನೇರ ಭೈರಾದೇವಿ ಮಂಟಪದ ತಳಪಾಯದ ಹತ್ತಿರ ಕೂರಿಸಿದರು. ಕಲ್ಲಿನಲ್ಲಿ ಒಂದು ಜಿರಾಫೆ! ಪಕ್ಕದಲ್ಲೇ ಚೀನೀ ಡ್ರ್ಯಾಗನ್. "ನಮ್ಮ ಶಿಲ್ಪಿ ಜಿರಾಫೆ ಎಲ್ಲಿ ಕಂಡ ಹೇಳಿ?" ಅಂದರು. ಯಾರಿಗೂ ಗೊತ್ತಿಲ್ಲ. ಆಫ್ರಿಕಾದ ಪ್ರಾಣಿ, ಚೀನಾದ ಚಿತ್ರ ಎರಡೂ ಈ ಕರಾವಳಿಗೆ ಬಂದದ್ದು ಹಡಗಿನ ವ್ಯಾಪಾರದಿಂದಲೇ ಅಂತ ಅವರ ವಿವರಣೆ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜೀವಂತ ಜಿರಾಫೆಯನ್ನೇ ಉಡುಗೊರೆ ಕಳಿಸಿದ್ದ ಅನ್ನುವುದನ್ನು ನೆನೆದರೆ ಈ ಮಾತು ಅಷ್ಟೇನೂ ದೂರದ್ದಲ್ಲ. ಅರ್ಧ ಗಂಟೆಯ ಹಿಂದೆ ಹಡಗಿನವರ ಬಸ್ಸಿನ ಜನ ಇದೇ ತಳಪಾಯದ ಪಕ್ಕದಲ್ಲಿ ಹಾದು ಹೋಗಿದ್ದರು, ಕೈಯಲ್ಲಿ ನಂಬರಿನ ಹಲಗೆ ಹಿಡಿದವರ ಹಿಂದೆ.

ಮೂರೂ ಮುಕ್ಕಾಲಿಗೆ ಬಂದರಿನ ಗೇಟಿನಲ್ಲಿದ್ದೆವು. ಇಳಿಯುವಾಗ ಭಾವ ಮೇಷ್ಟ್ರ ಕೈ ಹಿಡಿದು, "ನೀವು ಅಮೃತಾಪುರಕ್ಕೂ ಬರಬೇಕಿತ್ತು ಸಾರ್" ಅಂದರು. ಮೇಷ್ಟ್ರು ನಕ್ಕು, "ಅಲ್ಲಿಯದ್ದು ನಂಗೆ ಗೊತ್ತಿಲ್ಲ. ಅಲ್ಲಿಯವರನ್ನೇ ಹಿಡೀಬೇಕು" ಅಂದರು.

ಆ ಮಾತು ಮರುವರ್ಷ ನನ್ನನ್ನು ಕುಟುಕಿತು.

2024ರ ಅಕ್ಟೋಬರಿನಲ್ಲಿ ಭಾವ ವಿಮಾನದಲ್ಲಿ ಬಂದರು. ಅಮೃತಾಪುರಕ್ಕೆ ಹೋದೆವು. ಗಡಿಬಿಡಿಯಿಲ್ಲ, ಇಡೀ ದಿನ ನಮ್ಮದೇ. ಈ ಬಾರಿ ಗೈಡ್ ನಾನೇ, ಊರಿನವನಲ್ಲವೇ! ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು ಅಂದೆ. ದೊಡ್ಡ ಶಾಸನದ ಮುಂದೆ ನಿಲ್ಲಿಸಿ, ಇದರ ಪದ್ಯಗಳು ಕವಿಚಕ್ರವರ್ತಿ ಜನ್ನನವು, ಜೈನ ಕವಿ ಶಿವಾಲಯಕ್ಕೆ ಬರೆದದ್ದು, ರೈಸ್ ಸಾಹೇಬರು 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ತರೀಕೆರೆ 45 ಅಂತ ಅಚ್ಚು ಹಾಕಿಸಿದರು ಅಂದೆ. ಒಳಗಿನ ಭುವನೇಶ್ವರಿಗಳನ್ನು ತೋರಿಸಿ, ಶಿಲ್ಪಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಇಲ್ಲೇ, ಎಪ್ಪತ್ತು ವರ್ಷದ ಮೇಲೆ ಸೋಮನಾಥಪುರದಲ್ಲೂ ಅವನ ಹೆಸರಿದೆ ಅಂದೆ. (2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರ ಸೇರಿತು, ನಮ್ಮದು ಸೇರಲಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳಿ.) ಭಾವ ಕಂಬದಲ್ಲಿ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೊರಗೆ ಬಂದು ಪ್ರದಕ್ಷಿಣೆಗೆ ಹೊರಟೆವು. ದೊಡ್ಡ ಮಂಟಪದ ಹೊರಗೋಡೆಯ ಮೇಲೆ ಒಟ್ಟು 140 ಕಥಾಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70; ಉತ್ತರದಲ್ಲಿ ಕೃಷ್ಣಲೀಲೆಯ 25, ಮಹಾಭಾರತದ 45. ನಾನು ಒಂದೊಂದನ್ನೇ ತೋರಿಸುತ್ತಾ ಹೊರಟೆ. ನಾಲ್ಕಾರು ಫಲಕ ದಾಟುವಷ್ಟರಲ್ಲಿ ಕಥೆ ಕೂಡುತ್ತಿಲ್ಲ. ಭಾವ ಕೇಳಿದರು, "ಇದೇನೋ, ಕೋತಿಗಳು ಮೊದಲು, ವನವಾಸ ಆಮೇಲೆ?"

ಆಗ ನೆನಪಾಯಿತು ನಮ್ಮ ಮಾಸ್ತರಜ್ಜ. ನಾವು ಶಾಲೆಗೆ ಹೋಗುತ್ತಿದ್ದಾಗ ಅಡಿಕೆ ದಬ್ಬೆಯ ಕೋಲು ಹಿಡಿದು ದೇವಸ್ಥಾನದಲ್ಲಿ ಕೂರುತ್ತಿದ್ದರು. ಯಾರೇ ಬಂದರೂ ತೋರಿಸುವುದು, ಒಂದು ಎಲೆಯಡಿಕೆ ಕೊಟ್ಟರೆ ಸಾಕು. ಪ್ರದಕ್ಷಿಣೆಗೆ ಹೊರಟ ನಮ್ಮನ್ನು ಕೋಲು ಅಡ್ಡ ಹಿಡಿದು ನಿಲ್ಲಿಸಿ, "ಇಲ್ಲಿಂದಲ್ಲ ಕಣ್ರೋ, ಆ ತುದಿಗೆ ಹೋಗಿ. ಇಲ್ಲಿ ರಾಮ ಎದುರಿನಿಂದ ಬರ್ತಾನೆ" ಅನ್ನುತ್ತಿದ್ದರು. ಅಮೃತಾಪುರದ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಕಥೆಗಳು ಮಾತ್ರ ವಾಡಿಕೆಯಂತೆ ಪ್ರದಕ್ಷಿಣವಾಗಿ. ಪುಸ್ತಕಗಳಲ್ಲೂ ಇದೆ ಈ ಮಾತು. ನಾನು ಓದಿಯೂ ಇದ್ದೆ. ಕಾಲು ಮಾತ್ರ ಮರೆತಿತ್ತು.

ಆ ತುದಿಗೆ ಹೋಗಿ ಮತ್ತೆ ಶುರು ಮಾಡಿದೆವು. ದಶರಥನಿಂದ ಹಿಡಿದು ಒಂದಷ್ಟು ದೂರ ಸರಾಗ. ನಡುವೆ ಕೆಲವು ಫಲಕಗಳ ಮುಂದೆ ನಿಂತೆ. ಅಜ್ಜ ಇಲ್ಲಿ ಏನೋ ಹೇಳುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ನಕ್ಕಿದ್ದು ನೆನಪಿದೆ, ಹೇಳಿದ್ದು ಇಲ್ಲ. ಅಜ್ಜ ಹೋಗಿ ಮೂವತ್ತು ವರ್ಷ. ಅವರನ್ನು ಯಾರೂ ಬುಕ್ ಮಾಡಿರಲಿಲ್ಲ, ಯಾರೂ ಬರೆದುಕೊಳ್ಳಲೂ ಇಲ್ಲ.

ಅಂದಿನಿಂದ ಒಂದು ನೋಟುಬುಕ್ಕು ಮಾಡಿದ್ದೇನೆ. ಎಪ್ಪತ್ತಕ್ಕೂ ನಂಬರ್ ಹಾಕಿ, ಅಜ್ಜ ಹೇಳಿದಂತೆ ನೆನಪಿರುವುದನ್ನು ಬರೆಯುತ್ತಾ ಬಂದಿದ್ದೇನೆ. ಈವರೆಗೆ ಮೂವತ್ತೊಂದು ತುಂಬಿವೆ. ತರೀಕೆರೆ, ಅಜ್ಜಂಪುರ, ಕಡೂರು ಕಡೆಯ ಬ್ಲಾಗಿಗರು ಯಾರಾದರೂ ಚಿಕ್ಕಂದಿನಲ್ಲಿ ಆ ಅಜ್ಜನ ಬಾಯಲ್ಲಿ ಕೇಳಿದ್ದರೆ ನೆನಪಿರುವಷ್ಟು ಬರೆದು ಕಳಿಸಿ, ಒಂದೇ ಫಲಕದ್ದಾದರೂ ಸರಿ. ಘಾಟಿಯ ಆ ಹುಡುಗರ ಲೆಕ್ಕದ ಪ್ರಕಾರ ನಾವು ಎಲ್ಲರೂ ಒಟ್ಟಿಗೆ ಅದನ್ನೇ ಮರೆತಿರಲಿಕ್ಕಿಲ್ಲ.