ಹಿಡಿತಗಾರನ ಲೆಕ್ಕ

ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ 2021ರ ಡಿಸೆಂಬರ್ 22ರಂದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಶುರುವಾಯಿತು. ಕೋವಿಡ್ ಕಾಲ. ಹನ್ನೆರಡೂ ತಂಡಗಳನ್ನು ಹೋಟೆಲಿನಲ್ಲಿಟ್ಟು, ಅಲ್ಲೇ ಮ್ಯಾಟ್ ಹಾಸಿ, ಪ್ರೇಕ್ಷಕರೇ ಇಲ್ಲದೆ ಅಷ್ಟೂ ಪಂದ್ಯ ಆಡಿಸಿದರು. ಊರಿನ ಇನ್ನೊಂದು ತುದಿಯಲ್ಲಿ, ಕನಕಪುರ ರಸ್ತೆಯ ಪಕ್ಕದ ಅಂಜನಾಪುರದಲ್ಲಿ ಕೂತವರಿಗೆ ಆ ಸಲ ಎರಡು ಬಾಗಿಲು ಮುಚ್ಚಿದ್ದವು. ಒಂದು, ಕಬಡ್ಡಿ ನಮ್ಮೂರಲ್ಲೇ ನಡೆದರೂ ಹೋಗಿ ನೋಡುವಂತಿಲ್ಲ. ಇನ್ನೊಂದು, ಫೋನಿನಲ್ಲಿ ಟೀಮ್ ಕಟ್ಟಿ ದುಡ್ಡು ಹಾಕುವಂತಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಅಕ್ಟೋಬರ್ 5ರಿಂದ ಜಾರಿಯಲ್ಲಿತ್ತು. ಅನ್ನಪೂರ್ಣೇಶ್ವರಿ ನಗರ ಠಾಣೆಯಲ್ಲಿ ದೂರು ದಾಖಲಾದ ಮೇಲೆ ಡ್ರೀಮ್ ಇಲೆವೆನ್ ಕಂಪನಿ ಅದೇ ತಿಂಗಳು ಈ ರಾಜ್ಯದಲ್ಲಿ ವ್ಯವಹಾರ ನಿಲ್ಲಿಸಿತ್ತು. ಪುಣೆಯಲ್ಲಿ ಕೂತವನು ವೈಟ್‌ಫೀಲ್ಡ್ ಪಂದ್ಯದ ಮೇಲೆ ಟೀಮ್ ಕಟ್ಟಬಹುದು, ಅಂಜನಾಪುರದಲ್ಲಿ ಕೂತವನು ಕಟ್ಟುವಂತಿಲ್ಲ!

ಕಾನೂನಿನ ಕಥೆಗೆ ಆಮೇಲೆ ಬರೋಣ. ಅದಕ್ಕೂ ಮೊದಲು, ಈ ಟೀಮ್ ಕಟ್ಟುವ ಆಟದಲ್ಲಿ ಎಲ್ಲರೂ ಎಡವುತ್ತಿದ್ದ ಜಾಗ ಯಾವುದು ಎಂದು ನೋಡಬೇಕು. ಫ್ಯಾಂಟಸಿ ಕಬಡ್ಡಿಯಲ್ಲಿ ನೂರು ಕ್ರೆಡಿಟ್ ಒಳಗೆ ಏಳು ಆಟಗಾರರನ್ನು ಆರಿಸಬೇಕು. ಒಬ್ಬನನ್ನು ಕ್ಯಾಪ್ಟನ್ ಮಾಡಿದರೆ ಅವನ ಅಂಕ ದುಪ್ಪಟ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು. ರೇಡರ್ ಆಯ್ಕೆಗೆ ಹೆಚ್ಚು ತಲೆ ಓಡಿಸಬೇಕಿರಲಿಲ್ಲ. ಪವನ್ ಸೆಹ್ರಾವತ್ ಆಡುತ್ತಾನೆ ಎಂದರೆ ಎಲ್ಲರ ಟೀಮಿನಲ್ಲೂ ಪವನ್. ಎಲ್ಲರ ಹತ್ತಿರ ಇದ್ದವನು ಯಾರನ್ನೂ ಗೆಲ್ಲಿಸುವುದಿಲ್ಲ. ಗೆಲುವು ಸೋಲು ತೀರ್ಮಾನವಾಗುತ್ತಿದ್ದುದು ಡಿಫೆಂಡರ್‌ಗಳಿಂದ. ಅವರ ಬೆಲೆ ಕಟ್ಟುವುದೋ, ಬಲು ಕಷ್ಟ.

ಕಷ್ಟ ಯಾಕೆಂದರೆ, ಕಬಡ್ಡಿಯಲ್ಲಿ ಹಿಡಿಯುವವನ ಲೆಕ್ಕವನ್ನು ಒಬ್ಬೊಬ್ಬನ ಹೆಸರಲ್ಲಿ ಬರೆದಿಡುವ ಅಭ್ಯಾಸವೇ ನಮ್ಮಲ್ಲಿ ಹೊಸತು. ನಮ್ಮ ಹಳ್ಳಿ, ಹೋಬಳಿಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಸ್ಕೋರ್ ಪುಸ್ತಕ ಇರುತ್ತದೆ. ಯಾವ ತಂಡಕ್ಕೆ ಎಷ್ಟು, ಯಾರು ಔಟ್, ಯಾರು ಒಳಗೆ, ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಕೊನೆಗೆ ಬಹುಮಾನ ಕೊಡುವಾಗ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂದು ಮೂರು ಹೆಸರು ಕೂಗುತ್ತಾರೆ. ನನ್ನಂಥ ಸ್ಟ್ರಿಂಗರ್‌ಗಳು ಕಳಿಸುವ ನಾಲ್ಕು ಸಾಲಿನ ಸುದ್ದಿಯ ಕೊನೆಯ ಸಾಲು ಅದೇ. ದಾಳಿಗಾರನ ವಿಷಯದಲ್ಲಿ ತಕರಾರು ಕಡಿಮೆ, ಅವನು ತಂದ ಅಂಕ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಹಿಡಿತಗಾರನ ಹೆಸರು ಬಂದಾಗ ಮಾತ್ರ ಪೆಂಡಾಲಿನ ಹಿಂದೆ ಗುಸುಗುಸು ಶುರುವಾಗುತ್ತದೆ. ಕಾಲು ಹಿಡಿದವನು ಒಬ್ಬ, ಮೇಲೆ ಬಿದ್ದವರು ಮೂವರು, ಬಹುಮಾನ ಯಾರಿಗೆ?

ಈ ತಲೆನೋವು ನಮಗೊಬ್ಬರಿಗೇ ಬಂದದ್ದಲ್ಲ. ಫ್ಯಾಂಟಸಿ ಲೀಗ್ ಎಂಬ ಹವ್ಯಾಸ ಬೆಳೆದದ್ದೇ ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಕೆಡವುವ ಆ ಆಟಕ್ಕೂ ನಮ್ಮ ಕಬಡ್ಡಿಗೂ ಒಂದು ದೂರದ ನೆಂಟಸ್ತನವಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲು ಹೊಂದಿದ್ದ ಬಿಲ್ ವಿಂಕನ್‌ಬಾಕ್ 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಗೆಳೆಯರ ಜೊತೆ ನಿಯಮ ಬರೆದರು. ಮರುವರ್ಷ ಆಟ ಶುರುವಾಯಿತು. ತಂಡ ಓಕ್ಲೆಂಡ್ ರೈಡರ್ಸ್, ಕಬಡ್ಡಿಯವರಿಗೆ ಹೆಸರು ಕೇಳಿಯೇ ಖುಷಿಯಾಗಬೇಕು. ಆ ಮೊದಲ ಲೀಗಿನಲ್ಲಿ ತಲಾ ಇಪ್ಪತ್ತು ಆಟಗಾರರ ಪಟ್ಟಿ, ಅದರಲ್ಲಿ ನಾಲ್ಕು ಜಾಗ ರಕ್ಷಣಾ ಆಟಗಾರರಿಗೇ ಮೀಸಲು. ಆಮೇಲೆ ಏನಾಯಿತು? ಹವ್ಯಾಸ ಹರಡುತ್ತಾ ಹೋದಂತೆ ಬಹಳಷ್ಟು ಲೀಗ್‌ಗಳು ಒಬ್ಬೊಬ್ಬ ಡಿಫೆಂಡರ್‌ನನ್ನು ಅಳೆಯುವ ಉಸಾಬರಿ ಬಿಟ್ಟು, ಇಡೀ ತಂಡದ ರಕ್ಷಣೆಯನ್ನು ಒಂದೇ ಗಂಟಾಗಿ ಆರಿಸುವ ಪದ್ಧತಿಗೆ ಹೋದವು. ಅಳೆಯಲು ಅಂಕಿಯೇ ಸರಿಯಾಗಿ ಇರಲಿಲ್ಲ. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ‘ಸ್ಯಾಕ್’ ಅಲ್ಲಿ ಅಧಿಕೃತ ಅಂಕಿಯಾದದ್ದು 1982ರಲ್ಲಿ. ಅದಕ್ಕೂ ಮುಂಚೆ ಆಡಿ ನಿವೃತ್ತರಾದವರ ಸ್ಯಾಕ್‌ಗಳು ದಾಖಲೆ ಪುಸ್ತಕದಲ್ಲಿಲ್ಲ. ಟ್ಯಾಕಲ್ ಅಂತೂ ಇವತ್ತಿಗೂ ಅಲ್ಲಿ ಅಧಿಕೃತ ಅಂಕಿಯಲ್ಲ.

ನಾವು ಫುಟ್‌ಬಾಲ್ ಅನ್ನುವ ಆಟದಲ್ಲೂ ಇದೇ ಕಥೆ. ಬೆಂಗಳೂರಿನ ಐಟಿ ಹುಡುಗರು ಶನಿವಾರ ಶನಿವಾರ ತಲೆ ಕೆಡಿಸಿಕೊಳ್ಳುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫ್ಯಾಂಟಸಿಯಲ್ಲಿ ಡಿಫೆಂಡರ್‌ಗೆ ಅಂಕ ಬರುತ್ತಿದ್ದುದು ಬಹುಪಾಲು ತಂಡ ಗೋಲು ಬಿಟ್ಟುಕೊಡದಿದ್ದಾಗ, ಇಲ್ಲವೇ ಅವನೇ ಮುಂದೆ ಹೋಗಿ ಗೋಲು ಹೊಡೆದಾಗ. ಚೆಂಡು ತಡೆದದ್ದು, ಕಸಿದದ್ದು, ಹೊರಗಟ್ಟಿದ್ದು ಸೇರಿ ಒಂದು ಪಂದ್ಯದಲ್ಲಿ ಹತ್ತಾದರೆ ಡಿಫೆಂಡರ್‌ಗೆ ಎರಡು ಅಂಕ ಎಂಬ ನಿಯಮ ಬಂದದ್ದು 2025-26ರ ಸೀಸನ್‌ನಲ್ಲಿ. ಅಂದರೆ ಮೊನ್ನೆ ಮೊನ್ನೆ.

ಈ ದೃಷ್ಟಿಯಿಂದ ನೋಡಿದರೆ ಪ್ರೊ ಕಬಡ್ಡಿ ಮೊದಲಿನಿಂದಲೇ ಒಂದು ಹೆಜ್ಜೆ ಮುಂದಿತ್ತು. 2014ರ ಜುಲೈ 26ರಂದು ಲೀಗ್ ಶುರುವಾದಾಗಿನಿಂದ ರೇಡ್ ಪಾಯಿಂಟ್‌ನಂತೆ ಟ್ಯಾಕಲ್ ಪಾಯಿಂಟ್ ಕೂಡ ಆಟಗಾರನ ಹೆಸರಿನಲ್ಲೇ ಟಿವಿ ಪರದೆಯ ಮೇಲೆ ಬಂತು. ಮೊದಲ ಆವೃತ್ತಿಯಲ್ಲಿ ಅತಿ ಹೆಚ್ಚು ಟ್ಯಾಕಲ್ ಪಾಯಿಂಟ್ ಪಡೆದವನು ನಮ್ಮ ಬೆಂಗಳೂರು ಬುಲ್ಸ್‌ನ ಮಂಜೀತ್ ಛಿಲ್ಲರ್, 51 ಅಂಕ. ರೇಡಿಗೂ ಹೋಗುತ್ತಿದ್ದ ಮಂಜೀತ್ ನಮ್ಮ ಪಂದ್ಯಾವಳಿಗಳ ಭಾಷೆಯಲ್ಲಿ ಅಪ್ಪಟ ಸವ್ಯಸಾಚಿ. ಆರನೇ ಆವೃತ್ತಿಯಲ್ಲಿ ಯುಪಿ ಯೋಧಾದ ನಿತೇಶ್ ಕುಮಾರ್ ಒಂದೇ ಸೀಸನ್‌ನಲ್ಲಿ 100 ಟ್ಯಾಕಲ್ ಪಾಯಿಂಟ್ ಮುಟ್ಟಿದ ಮೊದಲ ಡಿಫೆಂಡರ್ ಆದ. ಹಾಗೆಂದು ನಿತೇಶ್ ಮಂಜೀತ್‌ಗಿಂತ ಎರಡು ಪಟ್ಟು ದೊಡ್ಡ ಆಟಗಾರ ಎಂದು ಹೇಳಿಬಿಡಬಹುದೇ? ಮೊದಲ ಆವೃತ್ತಿಯಲ್ಲಿ ಎಂಟೇ ತಂಡ, ಲೀಗ್ ಹಂತದಲ್ಲಿ ತಲಾ 14 ಪಂದ್ಯ. ಆರನೇ ಆವೃತ್ತಿಗೆ ತಂಡ ಹನ್ನೆರಡು, ಪಂದ್ಯ ತಲಾ 22. ಒಟ್ಟು ಅಂಕ ನೋಡಿ ಆಟಗಾರನನ್ನು ಆರಿಸಿದವರು ಮೊದಲು ಕೆಟ್ಟದ್ದೇ ಇಲ್ಲಿ.

ಎರಡನೇ ಹಳ್ಳ ಇನ್ನೂ ಆಳದ್ದು. ಒಬ್ಬ ಕಾರ್ನರ್ ಆಟಗಾರ ಪಂದ್ಯದಲ್ಲಿ ಎಂಟು ಸಲ ರೇಡರ್ ಮೇಲೆ ನುಗ್ಗಿ ನಾಲ್ಕು ಸಲ ಹಿಡಿದ ಅಂದುಕೊಳ್ಳಿ. ಇನ್ನೊಬ್ಬ ಮೂರೇ ಸಲ ಕೈ ಹಾಕಿ ಮೂರೂ ಹಿಡಿದ. ಟ್ಯಾಕಲ್ ಪಾಯಿಂಟ್ ಪಟ್ಟಿಯಲ್ಲಿ ಮೊದಲನೆಯವನು ಮೇಲೆ. ಆದರೆ ಅವನು ತಪ್ಪಿದ ನಾಲ್ಕು ಸಲವೂ ಎದುರಾಳಿಗೆ ಅಂಕ ಹೋಗಿದೆ, ಅವನೂ ಔಟಾಗಿ ಬೆಂಚಿನಲ್ಲಿ ಕೂತಿದ್ದಾನೆ. ಕೋಚ್ ಆದವನು ಎರಡನೆಯವನನ್ನು ಆಡಿಸುತ್ತಾನೆ. ಫ್ಯಾಂಟಸಿ ಆಡುವವನು ಮೊದಲನೆಯವನನ್ನು ಹುಡುಕುತ್ತಾನೆ, ಯಾಕೆಂದರೆ ಅವನಿಗೆ ಬೇಕಿರುವುದು ಪ್ರಯತ್ನಗಳ ಸಂಖ್ಯೆ. ಪಂದ್ಯಕ್ಕೆ ಎಷ್ಟು ಸಲ ಕೈ ಹಾಕುತ್ತಾನೆ, ಅದರಲ್ಲಿ ಎಷ್ಟು ಸಲ ಸಿಗುತ್ತದೆ ಎಂಬ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದವರು ಮಾತ್ರ ಸ್ವಲ್ಪ ದಡ ಸೇರುತ್ತಿದ್ದರು.

ಇನ್ನು ಸೂಪರ್ ಟ್ಯಾಕಲ್. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೇಡರ್‌ನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಪದೇ ಪದೇ ಖಾಲಿಯಾಗುವ ದುರ್ಬಲ ತಂಡದ ಡಿಫೆಂಡರ್‌ಗೆ ಸೂಪರ್ ಟ್ಯಾಕಲ್ ಮಾಡುವ ಅವಕಾಶ ಹೆಚ್ಚು. ಗಟ್ಟಿ ತಂಡದಲ್ಲಿ ಆರೇಳು ಜನ ಯಾವಾಗಲೂ ನಿಂತೇ ಇರುತ್ತಾರೆ, ಅಲ್ಲಿನ ಕಾರ್ನರ್‌ಗೆ ಆ ಅವಕಾಶವೇ ಅಪರೂಪ. ಸೋಲುವ ತಂಡದಲ್ಲಿ ಒಳ್ಳೆಯ ಡಿಫೆಂಡರ್ ಯಾರು ಎಂದು ಹುಡುಕುವುದು ಹಾಗಾಗಿ ಜಾಣತನವಾಯಿತು. ಕಬಡ್ಡಿ ಬಲ್ಲ ಹಿರಿಯರಿಗೆ ಇದು ತಲೆಕೆಳಗಾದ ಲೆಕ್ಕ ಅನಿಸಬಹುದು, ಆದರೆ ಅಂಕಗಣಿತ ಹೇಳುವುದು ಅದನ್ನೇ.

ಯಾವ ಅಂಕಿಗೂ ಸಿಗದ ಕೆಲಸ ಇನ್ನೊಂದಿದೆ. ಮೂವತ್ತು ಸೆಕೆಂಡಿನ ದಾಳಿಯಲ್ಲಿ ರೇಡರ್ ಒಂದು ಕಡೆಗೆ ಹೋಗುವುದೇ ಇಲ್ಲ, ಯಾಕೆಂದರೆ ಆ ಮೂಲೆಯಲ್ಲಿ ನಿಂತವನು ಕಾಲಿಗೆ ಬೀಳುವುದರಲ್ಲಿ ನಿಸ್ಸೀಮ. ರೇಡರ್ ಬರಿಗೈಲಿ ವಾಪಸ್ ಹೋಗುತ್ತಾನೆ. ಮೂರನೇ ಸಲ ‘ಡು ಆರ್ ಡೈ’ ದಾಳಿಗೆ ಬಂದು ಇನ್ನೊಂದು ಬದಿಯಲ್ಲಿ ಸಿಕ್ಕಿಬೀಳುತ್ತಾನೆ. ಅಂಕ ಹಿಡಿದವನಿಗೆ. ಹೆದರಿಸಿ ಆ ಬದಿಗೆ ಅಟ್ಟಿದವನ ಖಾತೆ ಸೊನ್ನೆ. ಕೈಕೈ ಹಿಡಿದು ಚೈನ್ ಕಟ್ಟುವ ಜೋಡಿಯಲ್ಲೂ ಹೀಗೇ, ಒಬ್ಬನ ಹೆಸರಿಗೆ ಅಂಕ, ಇನ್ನೊಬ್ಬನ ಮೊಣಕೈಗೆ ಏಟು. 2019ರ ಜನವರಿ 5ರಂದು ಬುಲ್ಸ್ ಗುಜರಾತ್ ವಿರುದ್ಧ 38-33ರಿಂದ ಗೆದ್ದು ಮೊದಲ ಸಲ ಕಪ್ ತಂದಾಗ ಎಲ್ಲರ ಬಾಯಲ್ಲೂ ಪವನ್ ಗಳಿಸಿದ 22 ಅಂಕ. ಉಳಿದ 16 ಎಲ್ಲಿಂದ ಬಂತು, ಗುಜರಾತ್ 33ಕ್ಕೇ ಯಾಕೆ ನಿಂತಿತು ಎಂದು ಕೇಳಿದರೆ ಮಹೇಂದರ್ ಸಿಂಗ್ ಹೆಸರು ಹೇಳುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ಅಂಜನಾಪುರದಲ್ಲಿ ಈ ಲೆಕ್ಕ ಯಾಕೆ ಮುಖ್ಯವಾಯಿತು ಎಂದರೆ, ಊರಿನ ಸ್ವಭಾವವೇ ಹಾಗೆ. ಹಳ್ಳಿಯ ಜಮೀನಿನ ಮೇಲೆ ಬಿಡಿಎ ಸೈಟು ಬಿದ್ದು, 2007ರಲ್ಲಿ ಪಾಲಿಕೆಗೆ ಸೇರಿ, 2021ರ ಜನವರಿಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಬಾಡಿಗೆದಾರರು ತುಂಬಿಕೊಂಡ ಬಡಾವಣೆ ಇದು. ಕನಕಪುರ, ಮಂಡ್ಯ ಕಡೆಯಿಂದ ಬಂದ ಹುಡುಗರು ಚಿಕ್ಕಂದಿನಲ್ಲಿ ಕಬಡ್ಡಿ ಆಡಿದವರು, ನೋಡಿದವರು. ಕ್ರಿಕೆಟ್ ಫ್ಯಾಂಟಸಿಯಲ್ಲಿ ಅವರು ಎಲ್ಲರಂತೆ ಒಬ್ಬರು. ಕಬಡ್ಡಿಯಲ್ಲಿ ಮಾತ್ರ ತಮಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ ಎಂಬ ಧೈರ್ಯ. ಆ ಧೈರ್ಯದ ಮೇಲೆಯೇ ದುಡ್ಡು ಹಾಕಿದ್ದು. ಕಣ್ಣಿನಿಂದ ಆಟ ಬಲ್ಲವನು ಅಂಕಿಯ ಆಟದಲ್ಲಿ ಗೆಲ್ಲುತ್ತಾನೆ ಎಂದೇನೂ ಇಲ್ಲ. ಮೇಲೆ ಹೇಳಿದ ಹೆದರಿಸಿ ಅಟ್ಟುವ ಕಾರ್ನರ್‌ನನ್ನು ಗುರುತಿಸುವ ಕಣ್ಣು ಇವರಿಗಿತ್ತು. ಆದರೆ ಆ್ಯಪ್ ಅಂಕ ಕೊಡುತ್ತಿದ್ದುದು ಬೇರೆಯದಕ್ಕೆ. ಐವತ್ತು ರೂಪಾಯಿಯ ಎಂಟ್ರಿ ಫೀಸು ದಿನಕ್ಕೆ ಎರಡು ಪಂದ್ಯದಂತೆ ತಿಂಗಳಿಗೆ ಮೂರು ಸಾವಿರವಾಗುತ್ತದೆ. ಡೆಲಿವರಿ ಕೆಲಸದಲ್ಲಿರುವವನಿಗೆ ಅದು ಸಣ್ಣ ಮೊತ್ತವಲ್ಲ.

ಈಗ ಕಾನೂನಿಗೆ ಬರೋಣ. ಕೋರ್ಟುಗಳಲ್ಲಿ ಕಂಪನಿಗಳ ವಾದ ನಿಂತಿದ್ದೇ ಈ ಬೆಲೆ ಕಟ್ಟುವ ಕೆಲಸದ ಮೇಲೆ. ಆಟಗಾರರನ್ನು ಒಬ್ಬರಿಗೊಬ್ಬರು ತೂಗಿ ನೋಡಿ ಆರಿಸುವುದು ಕೌಶಲ, ಹಾಗಾಗಿ ಇದು ಜೂಜಲ್ಲ ಎಂಬ ವಾದವನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2017ರಲ್ಲಿ ಒಪ್ಪಿತು. ಕೌಶಲ ಹೆಚ್ಚಿದ್ದರೆ ಜೂಜಲ್ಲ ಎಂಬ ಈ ಮಾತಿನ ಬೇರು 1957ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಸ್ವಾರಸ್ಯವೆಂದರೆ ಆ ಮೊಕದ್ದಮೆಯ ಬೇರೂ ಬೆಂಗಳೂರಿನದೇ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರ ಕಂಪನಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಬಹುಮಾನದ ಪದಬಂಧ ನಡೆಸುತ್ತಿತ್ತು. ಮುಂಬೈ ಪ್ರಾಂತ್ಯದಲ್ಲೂ ಪತ್ರಿಕೆ ಚೆನ್ನಾಗಿ ಓಡುತ್ತಿತ್ತು. ಅಲ್ಲಿನ ಸರ್ಕಾರ ತೆರಿಗೆ ಹಾಕಿತು, ಕಂಪನಿ ಕೋರ್ಟಿಗೆ ಹೋಯಿತು. ಕಂಪನಿಯ ಪದಬಂಧ ಜೂಜೇ ಎಂದು ತೀರ್ಮಾನವಾಗಿ ಅದು ಸೋತಿತು. ಆದರೆ ಗೆಲುವು ಬಹುಮಟ್ಟಿಗೆ ಕೌಶಲದ ಮೇಲೆ ನಿಂತ ಸ್ಪರ್ಧೆ ಜೂಜಲ್ಲ ಎಂಬ ಮಾತು ಉಳಿಯಿತು. ಅರವತ್ತು ವರ್ಷ ಕಳೆದ ಮೇಲೆ ಫ್ಯಾಂಟಸಿ ಕಂಪನಿಗಳು ಅದೇ ಮಾತಿನ ನೆರಳಲ್ಲಿ ಅಂಗಡಿ ತೆರೆದವು.

ಕರ್ನಾಟಕದ 2021ರ ತಿದ್ದುಪಡಿ ಕೌಶಲದ ಆಟವನ್ನೂ ಬಿಡದೆ, ದುಡ್ಡು ಹಾಕಿದರೆ ಅಪರಾಧ ಎಂದಿತ್ತು. ಕುದುರೆ ರೇಸು ಮಾತ್ರ ಹೊರಗಿತ್ತು. ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ವೈಟ್‌ಫೀಲ್ಡ್‌ನಲ್ಲಿ ಫೈನಲ್‌ಗೆ ಹನ್ನೊಂದೇ ದಿನ ಬಾಕಿ. ಆ ಸೀಸನ್‌ನಲ್ಲಿ 89 ಟ್ಯಾಕಲ್ ಪಾಯಿಂಟ್‌ನೊಂದಿಗೆ ಮೊದಲ ಸ್ಥಾನ ಪಡೆದವನು ಪಟ್ನಾ ಪೈರೇಟ್ಸ್‌ನ ಇರಾನಿ ಹುಡುಗ ಮೊಹಮ್ಮದ್‌ರೆಜಾ ಶಾದ್ಲೂಯಿ. ನಮ್ಮೂರಲ್ಲೇ ಆಡಿ ದೊಡ್ಡವನಾದ, ನಮ್ಮೂರವರು ಮಾತ್ರ ಅವನನ್ನು ಟೀಮಿಗೆ ಹಾಕಿಕೊಳ್ಳಲಾಗಲಿಲ್ಲ.

ಮುಂದಿನ ಮೂರೂವರೆ ವರ್ಷ ಅಂಗಡಿ ತೆರೆದೇ ಇತ್ತು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿ ಅಂಕಿತ, ಮೂರೇ ದಿನದಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟ ಕೌಶಲದ್ದಿರಲಿ, ಅದೃಷ್ಟದ್ದಿರಲಿ, ನಿಷೇಧ ಎಂದಿತು. ಡ್ರೀಮ್ ಇಲೆವೆನ್ ದುಡ್ಡಿನ ಸ್ಪರ್ಧೆಗಳನ್ನು ನಿಲ್ಲಿಸಿತು. ಹಿಡಿತಗಾರನಿಗೆ ಬೆಲೆ ಕಟ್ಟುವುದು ಕೌಶಲವೋ ಅಲ್ಲವೋ ಎಂಬ ಪ್ರಶ್ನೆಗೆ ಹೊಸ ಕಾನೂನಿನಲ್ಲಿ ಜಾಗವೇ ಇಲ್ಲ. ನನ್ನನ್ನು ಕೇಳಿದರೆ ಅದು ಕೌಶಲವೇ, ಆದರೆ ಪಂದ್ಯ ಶುರುವಾಗುವ ಹೊತ್ತಿಗೆ ಬೇಕರಿ ಮುಂದೆ ಬೈಕ್ ನಿಲ್ಲಿಸಿ ಗಡಿಬಿಡಿಯಲ್ಲಿ ಟೀಮ್ ಕಟ್ಟುವವನಿಗೆ ಅದನ್ನು ತೋರಿಸಲು ಪುರಸೊತ್ತು ಇರಲಿಲ್ಲ.

ಆ ಕೆಲಸ ಈಗ ಹರಾಜಿನ ಮೇಜಿನ ಸುತ್ತ ನಡೆಯುತ್ತಿದೆ, ಸಂಬಳ ತೆಗೆದುಕೊಳ್ಳುವವರಿಂದ. 2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿಯಾದ ರಾಕೇಶ್ ಕುಮಾರ್‌ಗೆ ಸಿಕ್ಕದ್ದು 12.80 ಲಕ್ಷ ರೂಪಾಯಿ. 2023ರಲ್ಲಿ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು. ಆ ತಂಡದ ಕೋಚ್ ನಮ್ಮ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ಪಡೆದವರು. ಶಾದ್ಲೂಯಿ ಆ ಸೀಸನ್‌ನಲ್ಲಿ 99 ಟ್ಯಾಕಲ್ ಪಾಯಿಂಟ್ ತಂದ. 2024ರ ಮಾರ್ಚ್ 1ರ ಫೈನಲ್‌ನಲ್ಲಿ ಪುಣೆ 28-25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿತು. ಎರಡೂ ಕಡೆ ಮೂವತ್ತು ದಾಟದ ಅಂಕ, ಡಿಫೆಂಡರ್‌ಗಳ ಪಂದ್ಯ ಎಂದರೆ ಹೀಗಿರುತ್ತದೆ. ಮುಂದಿನ ಹರಾಜಿನಲ್ಲಿ ಅದೇ ಹರಿಯಾಣ 2.07 ಕೋಟಿಗೆ ಅವನನ್ನು ಕೊಂಡು ಕಪ್ ಗೆದ್ದಿತು. 2025ರಲ್ಲಿ ಗುಜರಾತ್ ಜೈಂಟ್ಸ್ 2.23 ಕೋಟಿ ಕೊಟ್ಟಿತು.